ಖಾನಾವಳಿಯ ಮೇಜಿನ ಎತ್ತರವೂ ಸಪ್ಲೈಯರ್‌ನ ಸೊಂಟವೂ: ಹೋಟೆಲ್ ಕೆಲಸ ಮೈ ಮನಸ್ಸನ್ನು ದಣಿಸುವ ಬಗೆ

ಗಂಗಾವತಿಯಿಂದ ಆನೆಗೊಂದಿಯ ದಾರಿ ಹಿಡಿದರೆ ಹೋಟೆಲು, ಖಾನಾವಳಿಗಳ ಮುಂದೆ ಒಂದೇ ಬಗೆಯ ಫಲಕ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: ‘ಸಪ್ಲೈಯರ್, ಕ್ಲೀನರ್ ಬೇಕಾಗಿದ್ದಾರೆ’. ಅಕ್ಟೋಬರ್‌ನಿಂದ ಫೆಬ್ರುವರಿಯವರೆಗೆ ಹಂಪಿ ನೋಡಲು ಬಂದವರು ತುಂಗಭದ್ರೆ ದಾಟಿ ಆನೆಗೊಂದಿ, ಸಾಣಾಪುರಕ್ಕೂ ಬರುತ್ತಾರೆ. ಡಿಸೆಂಬರ್‌ನಲ್ಲಿ ಹನುಮಮಾಲೆ ಧರಿಸಿದವರು ಅಂಜನಾದ್ರಿಯ ಮೆಟ್ಟಿಲು ಹತ್ತುತ್ತಾರೆ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆ. ಈ ತಿಂಗಳುಗಳಲ್ಲಿ ಗಿರಾಕಿಗಳಿಗೆ ಬರವಿಲ್ಲ, ಕೈಗಳಿಗೆ ಬರ. ಇಬ್ಬರು ಮಾಡಬೇಕಾದ ಕೆಲಸ ಒಬ್ಬರ ಪಾಲಿಗೆ ಬರುತ್ತದೆ, ಆ ಒಬ್ಬರೂ ಹಂಗಾಮು ಮುಗಿಯುವ ಮೊದಲೇ ಊರಿಗೆ ಹೋಗಿ ಮರಳುವುದಿಲ್ಲ.

ಮಾಲೀಕರನ್ನು ಕೇಳಿದರೆ ‘ಈಗಿನ ಹುಡುಗರಿಗೆ ಮೈ ಬಗ್ಗುವುದಿಲ್ಲ’ ಎನ್ನುತ್ತಾರೆ. ಕೆಲಸ ಬಿಟ್ಟವರನ್ನು ಕೇಳಿದರೆ ಸಂಬಳದ ಮಾತು ಬರುತ್ತದೆ. ಎರಡರ ನಡುವೆ ಮೂರನೆಯ ಕಾರಣವೊಂದಿದೆ. ಅದನ್ನು ಅಳೆಯಬಹುದು, ಎಷ್ಟೋ ಸಲ ಬಡಗಿಯ ಟೇಪಿನಿಂದಲೇ ಅಳೆಯಬಹುದು. ಕೆಲಸವನ್ನು ಹೇಗೆ ಜೋಡಿಸಲಾಗಿದೆ, ಅದು ಮಾಡುವವರ ಮೈಗೂ ಗಮನಕ್ಕೂ ಹೊಂದುತ್ತದೆಯೇ ಎಂಬುದು ಆ ಕಾರಣ.

ಎರ್ಗೊನಾಮಿಕ್ಸ್ ಎಂದರೆ ಕುರ್ಚಿಯ ವಿಷಯವಷ್ಟೇ ಅಲ್ಲ

ಎರ್ಗೊನಾಮಿಕ್ಸ್ ಎಂದೊಡನೆ ಬೆಂಗಳೂರಿನ ಐಟಿ ಕಚೇರಿಯ ದುಬಾರಿ ಕುರ್ಚಿ ನೆನಪಾಗುತ್ತದೆ. ಅದು ಈ ಶಾಸ್ತ್ರದ ಒಂದು ಮೂಲೆ ಮಾತ್ರ. ಮನುಷ್ಯನನ್ನು ಕೆಲಸಕ್ಕೆ ಒಗ್ಗಿಸುವ ಬದಲು ಕೆಲಸವನ್ನು ಮನುಷ್ಯನಿಗೆ ಒಗ್ಗಿಸುವುದು ಇದರ ತಿರುಳು. ಮೇಜು ಎಷ್ಟು ಎತ್ತರ, ಭಾರ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಒಂದೇ ಚಲನೆ ಎಷ್ಟು ಸಲ ನಡೆಯುತ್ತದೆ, ನೆಲ ಜಾರುತ್ತದೆಯೇ, ಒಲೆಯ ಬಿಸಿ ಎಷ್ಟು, ಒಂದು ಹೊತ್ತಿನಲ್ಲಿ ತಲೆಯಲ್ಲಿ ಎಷ್ಟು ವಿಷಯ ಇಟ್ಟುಕೊಳ್ಳಬೇಕು ಎಂಬುದೆಲ್ಲ ಇದರ ವ್ಯಾಪ್ತಿಗೆ ಬರುತ್ತದೆ.

ನಮ್ಮಲ್ಲಿ ಇದಕ್ಕೆ ಅಡ್ಡ ಬರುವುದು ‘ರೂಢಿಯಾಗುತ್ತದೆ ಬಿಡು’ ಎಂಬ ಮಾತು. ಮೊದಲ ವಾರದ ಮೈಕೈ ನೋವು ರೂಢಿಯಿಂದ ಕಡಿಮೆಯಾಗುವುದು ನಿಜ, ಸ್ನಾಯು ಬಲಗೊಳ್ಳುತ್ತದೆ. ಆದರೆ ಬೆನ್ನುಮೂಳೆಯ ನಡುವಿನ ಡಿಸ್ಕ್, ಮಂಡಿಯ ಮೃದ್ವಸ್ಥಿಗಳಿಗೆ ರಕ್ತದ ಪೂರೈಕೆ ಬಹಳ ಕಡಿಮೆ. ಸವೆದರೆ ಸ್ನಾಯುವಿನಂತೆ ಅವು ಚೇತರಿಸಿಕೊಳ್ಳುವುದಿಲ್ಲ. ಇಪ್ಪತ್ತೈದರ ಹುಡುಗ ರೂಢಿ ಎಂದುಕೊಂಡದ್ದು ನಲವತ್ತರಲ್ಲಿ ಸೊಂಟನೋವಾಗಿ ಎದುರು ನಿಲ್ಲುತ್ತದೆ.

ಹತ್ತು ಕಿಲೋ ನೂರು ಕಿಲೋ ಆಗುವ ಲೆಕ್ಕ

ಸೊಂಟನೋವಿಗೆ ಭಾರವೊಂದೇ ಕಾರಣವಲ್ಲ. ಭಾರ ಮೈಯಿಂದ ಎಷ್ಟು ದೂರದಲ್ಲಿದೆ ಎಂಬುದು ಅಷ್ಟೇ ಮುಖ್ಯ. ನೀರು ತುಂಬಿದ ಕೊಡವನ್ನು ಸೊಂಟಕ್ಕೆ ಅವಚಿಕೊಂಡು ಫರ್ಲಾಂಗ್ ನಡೆಯುವ ಹೆಂಗಸಿಗೆ ಅದೇ ಕೊಡವನ್ನು ಎರಡೂ ಕೈ ಮುಂದಕ್ಕೆ ಚಾಚಿ ಹಿಡಿಯಲು ಹೇಳಿದರೆ ಹತ್ತು ಹೆಜ್ಜೆ ಕಷ್ಟ. ನೀರು ಅಷ್ಟೇ ಇದೆ, ದೂರ ಹೆಚ್ಚಾಯಿತು.

ಇದರ ಲೆಕ್ಕ ಸರಳ. ಬಾಗಿದಾಗ ನಮ್ಮನ್ನು ಹಿಡಿದು ನಿಲ್ಲಿಸುವ ಬೆನ್ನಿನ ಸ್ನಾಯುಗಳು ಬೆನ್ನುಮೂಳೆಯ ಕೇಂದ್ರದಿಂದ ಸುಮಾರು 5 ಸೆಂಟಿಮೀಟರ್ ಹಿಂದೆ ಇವೆ. 10 ಕಿಲೋದ ಸಾರಿನ ಪಾತ್ರೆಯನ್ನು 50 ಸೆಂಟಿಮೀಟರ್ ಮುಂದೆ ಹಿಡಿದರೆ ಅದನ್ನು ಸರಿದೂಗಿಸಲು ಆ ಸ್ನಾಯುಗಳು 10ರ ಹತ್ತು ಪಟ್ಟು, ಅಂದರೆ ಸುಮಾರು 100 ಕಿಲೋ ತೂಕಕ್ಕೆ ಸಮನಾದ ಬಲದಿಂದ ಎಳೆಯಬೇಕು. ಕನಿಷ್ಠ ಅಷ್ಟು ಒತ್ತಡ ಸೊಂಟದ ಡಿಸ್ಕಿನ ಮೇಲೂ ಬೀಳುತ್ತದೆ. ಅದೇ ಪಾತ್ರೆ 20 ಸೆಂಟಿಮೀಟರ್ ದೂರದಲ್ಲಿದ್ದರೆ ಬೇಕಾದ ಬಲ 40 ಕಿಲೋಗೆ ಇಳಿಯುತ್ತದೆ. ಮುಂದೆ ಬಾಗಿದ ಎದೆ, ತಲೆ, ತೋಳುಗಳ ತೂಕವನ್ನು ಇಲ್ಲಿ ಸೇರಿಸಿಯೇ ಇಲ್ಲ.

ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆ ಎತ್ತುವ ಭಾರಕ್ಕೆ 23 ಕಿಲೋ ಎಂಬ ಮಿತಿ ಹಾಕಿದೆ. ಅದೂ ಎಲ್ಲ ಅನುಕೂಲವಿದ್ದಾಗ: ಭಾರ ಮೈಗೆ ಹತ್ತಿರವಿರಬೇಕು, ನೆಲದಿಂದ ಎತ್ತುವಂತಿರಬಾರದು, ಸೊಂಟ ತಿರುಚಬಾರದು, ಪದೇಪದೇ ಎತ್ತಬಾರದು. ಒಂದೊಂದು ಅನುಕೂಲ ತಪ್ಪಿದಾಗಲೂ ಮಿತಿ ಕೆಳಗಿಳಿಯುತ್ತದೆ. ಗಂಗಾವತಿಯ ಸೋನಾ ಮಸೂರಿ ಅಕ್ಕಿಯ ಸಾಮಾನ್ಯ ಚೀಲ 25 ಕಿಲೋ. ಹೋಟೆಲಿಗೆ ಬರುವ ವಾಣಿಜ್ಯ ಸಿಲಿಂಡರ್‌ನಲ್ಲಿ ಅನಿಲವೇ 19 ಕಿಲೋ, ಉಕ್ಕಿನ ತೂಕ ಸೇರಿದರೆ 35 ಕಿಲೋ ಮೀರುತ್ತದೆ. ಇವನ್ನು ನೆಲದಿಂದ, ಒಬ್ಬರೇ, ಗೋಡೆಯ ಮೂಲೆಯೊಳಗೆ ಕೈಹಾಕಿ ತಿರುಗಿ ಎತ್ತುವುದು ನಾವು ದಿನವೂ ನೋಡುವ ದೃಶ್ಯ.

ಪರಿಹಾರಕ್ಕೆ ಯಂತ್ರವೇನೂ ಬೇಡ. ಅಕ್ಕಿಯ ಚೀಲವನ್ನು ನೆಲದ ಬದಲು ಮಂಡಿಯೆತ್ತರದ ಹಲಗೆಯ ಮೇಲೆ ಇಳಿಸಬಹುದು. ಭಾರದ ಪಾತ್ರೆಗಳನ್ನು ಮಂಡಿಗಿಂತ ಮೇಲೆ, ಭುಜಕ್ಕಿಂತ ಕೆಳಗೆ ಇಡಬಹುದು. ಸಿಲಿಂಡರ್‌ಗೆ ಚಕ್ರದ ಗಾಡಿ ಸಿಗುತ್ತದೆ. ಕೊಳಗದ ಸಾರನ್ನು ಎರಡು ಸಣ್ಣ ಬಕೆಟ್‌ಗಳಿಗೆ ಹಂಚಿದರೆ ಒಂದು ಸುತ್ತು ಹೆಚ್ಚು ನಡೆಯಬೇಕಾಗುತ್ತದೆ, ಅಷ್ಟೆ.

ಮೇಜಿಗೆ ಅಳತೆಗೋಲು ಮೊಣಕೈ

ಅಡುಗೆಮನೆಯ ಕಟ್ಟೆಯನ್ನು ಕಟ್ಟುವಾಗ ಮೇಸ್ತ್ರಿ ಒಂದೇ ಎತ್ತರ ಇಡುತ್ತಾನೆ. ಅದರ ಮುಂದೆ ನಿಲ್ಲುವವರು ಮಾತ್ರ ಒಂದೇ ಎತ್ತರದವರಲ್ಲ. ಐದು ಅಡಿ ಎತ್ತರದ ಮಹಿಳೆಯ ಮೊಣಕೈ ನೆಲದಿಂದ ಸುಮಾರು 95 ಸೆಂಟಿಮೀಟರ್ ಮೇಲಿರುತ್ತದೆ. ಐದು ಅಡಿ ಎಂಟು ಅಂಗುಲದವನದು ಸುಮಾರು 108. ತರಕಾರಿ ಹೆಚ್ಚುವಂಥ ಹಗುರ ಕೆಲಸಕ್ಕೆ ಮೊಣಕೈಗಿಂತ 5ರಿಂದ 10 ಸೆಂಟಿಮೀಟರ್ ಕೆಳಗಿನ ಮೇಜು ಸರಿ. ಹಿಟ್ಟು ನಾದುವಂಥ, ಮೈಯ ಭಾರ ಹಾಕಿ ಒತ್ತುವ ಕೆಲಸಕ್ಕೆ 20ರಿಂದ 40 ಸೆಂಟಿಮೀಟರ್ ಕೆಳಗಿರಬೇಕು.

ಹಾಗಾಗಿ ಒಂದೇ ಕಟ್ಟೆಯ ಮೇಲೆ ಈರುಳ್ಳಿ ಹೆಚ್ಚುವುದನ್ನೂ ಪರೋಟದ ಹಿಟ್ಟು ನಾದುವುದನ್ನೂ ಮಾಡಿಸಿದರೆ ಎರಡರಲ್ಲಿ ಒಂದು ತಪ್ಪು ಎತ್ತರದಲ್ಲೇ ನಡೆಯುತ್ತದೆ. ಮೇಜು ಎತ್ತರವಾದರೆ ಭುಜ ಮೇಲೇರಿಸಿಕೊಂಡೇ ದುಡಿಯಬೇಕು, ಸಂಜೆಗೆ ಕುತ್ತಿಗೆ ಬಿಗಿಯುತ್ತದೆ. ತಗ್ಗಾದರೆ ಬೆನ್ನು ಬಾಗುತ್ತದೆ. ಕುಳ್ಳಗಿರುವವರ ಕಾಲಡಿಗೆ ಅಗಲವಾದ, ಅಲುಗಾಡದ ಮರದ ಹಲಗೆ, ಎತ್ತರದವರ ಮಣೆಯ ಕೆಳಗೆ ಇನ್ನೊಂದು ದಪ್ಪ ಮಣೆ: ಬಡಗಿಯ ಅರ್ಧ ದಿನದ ಕೆಲಸ.

ರೊಟ್ಟಿ ಬಡಿಯುವ ಕೈ

ನಮ್ಮ ಕಡೆಯ ಖಾನಾವಳಿಯ ಹೆಸರು ನಿಂತಿರುವುದು ಬಿಸಿ ಜೋಳದ ರೊಟ್ಟಿಯ ಮೇಲೆ. ಅದನ್ನು ಬಡಿಯುವವರು ಹೆಚ್ಚಾಗಿ ಹೆಂಗಸರು. ಆ ಕೆಲಸವನ್ನು ಹತ್ತಿರದಿಂದ ನೋಡಿದರೆ ಕಾಣುವುದು ಇಷ್ಟು: ಒಂದು ಕಾಲು ಮಡಿಚಿ ಇನ್ನೊಂದು ಚಾಚಿ ನೆಲದ ಮೇಲೆ ಕೂತಿದ್ದಾರೆ. ಬಿಸಿನೀರು ಹಾಕಿದ ಹಿಟ್ಟನ್ನು ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದುತ್ತಾರೆ. ಬಲಗೈ ಬಡಿಯುತ್ತಿದ್ದಂತೆ ಎಡಗೈ ರೊಟ್ಟಿಯನ್ನು ತಿರುಗಿಸುತ್ತದೆ. ಆಮೇಲೆ ತೋಳು ಚಾಚಿ ಪಕ್ಕದ ಹಂಚಿಗೆ ಹಾಕಬೇಕು, ಮೇಲೆ ನೀರು ಸವರಬೇಕು, ತಿರುವಬೇಕು. ಹೀಗೆ ಊಟದ ಹೊತ್ತು ಮುಗಿಯುವವರೆಗೆ, ನೂರಾರು ರೊಟ್ಟಿ.

ನೆಲದ ಮೇಲೆ ಕೂರುವುದು ಕೆಟ್ಟದ್ದೆಂದು ಯಾರಾದರೂ ಹೇಳಿದರೆ ನಂಬಬೇಕಿಲ್ಲ. ಹುಟ್ಟಿನಿಂದ ಹಾಗೆ ಕೂತವರ ಸೊಂಟ, ಮಂಡಿ ಅದಕ್ಕೆ ಒಗ್ಗಿರುತ್ತವೆ. ತೊಂದರೆ ಇರುವುದು ಕದಲದೆ ಕೂರುವುದರಲ್ಲಿ, ಒಂದೇ ಪಕ್ಕಕ್ಕೆ ತಿರುಗುವುದರಲ್ಲಿ, ಅದೇ ಬಡಿತ ಸಾವಿರ ಸಲ ಆಗುವುದರಲ್ಲಿ. ಮಣಿಕಟ್ಟಿನಲ್ಲಿ ಎಲುಬು ಮತ್ತು ಗಟ್ಟಿ ಪಟ್ಟಿಯ ನಡುವೆ ಇಕ್ಕಟ್ಟಾದ ಸುರಂಗವೊಂದಿದೆ. ಬೆರಳುಗಳ ಸ್ನಾಯುರಜ್ಜುಗಳೂ ಒಂದು ಮುಖ್ಯ ನರವೂ ಅದರೊಳಗಿಂದಲೇ ಸಾಗುತ್ತವೆ. ಒತ್ತುವ, ಬಾಗಿಸುವ ಕೆಲಸ ಅತಿಯಾದಾಗ ರಜ್ಜುಗಳ ಹೊದಿಕೆ ಊದಿ ನರವನ್ನು ಅದುಮುತ್ತದೆ. ಆಗ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತವೆ, ಅದೂ ರಾತ್ರಿ ನಿದ್ದೆಯಲ್ಲಿ. ‘ಕೈ ಜುಮ್ಮೆನ್ನುತ್ತದೆ’ ಎಂದು ಜಾಡಿಸಿ ಮಲಗುವ ಅದೆಷ್ಟೋ ಹೆಂಗಸರು ವೈದ್ಯರಲ್ಲಿಗೆ ಹೋಗುವುದು ಹಿಡಿದ ಲೋಟ ಕೈಜಾರಲು ಶುರುವಾದ ಮೇಲೆ.

ಗವಿಮಠದ ಜಾತ್ರೆಯ ದಾಸೋಹಕ್ಕೆ ಹಳ್ಳಿಹಳ್ಳಿಯಿಂದ ಲಕ್ಷಗಟ್ಟಲೆ ರೊಟ್ಟಿ ಬರುತ್ತದೆ. ಅಲ್ಲಿ ರೊಟ್ಟಿಯ ಜೊತೆ ಕೈಗಳೂ ಸಾವಿರಾರು ಇರುತ್ತವೆ. ಖಾನಾವಳಿಯಲ್ಲಿ ಇರುವುದು ಒಂದೋ ಎರಡೋ ಜೊತೆ. ಹಿಟ್ಟು ನಾದುವವರು, ಬಡಿಯುವವರು, ಬೇಯಿಸುವವರು ಅರ್ಧ ಗಂಟೆಗೊಮ್ಮೆ ಜಾಗ ಬದಲಿಸಿಕೊಂಡರೆ ಅದೇ ಇಬ್ಬರು ಮೂವರ ಕೈಗಳಿಗೆ ಬಿಡುವು ಸಿಗುತ್ತದೆ. ಹಂಚನ್ನು ಬಲಕ್ಕೆ ಇಡುವ ಬದಲು ಓರೆಯಾಗಿ ಮುಂದಕ್ಕೆ ತಂದರೆ ಸೊಂಟ ತಿರುಚುವುದು ತಪ್ಪುತ್ತದೆ.

ನಿಂತೇ ಇರುವವರು

ನಡೆಯುವಾಗ ಮೀನಖಂಡದ ಸ್ನಾಯುಗಳು ಹಿಂಡಿಕೊಂಡು ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಸುಮ್ಮನೆ ನಿಂತಾಗ ಈ ಹಿಂಡುವಿಕೆ ನಿಲ್ಲುತ್ತದೆ, ರಕ್ತ ಕೆಳಗೆ ತಂಗುತ್ತದೆ, ಪಾದ ಊದುತ್ತದೆ. ವರ್ಷಗಟ್ಟಲೆ ಹೀಗಾದರೆ ರಕ್ತನಾಳದೊಳಗಿನ ಕವಾಟಗಳು ಸಡಿಲಾಗಿ ನಾಳಗಳು ಹುರಿಯಂತೆ ಉಬ್ಬುತ್ತವೆ. ಆದ್ದರಿಂದ ದಿನವಿಡೀ ಓಡಾಡುವ ಸಪ್ಲೈಯರ್‌ಗಿಂತ ಗಲ್ಲಾದ ಪಕ್ಕದಲ್ಲೋ ಲಾಡ್ಜಿನ ಕೌಂಟರಿನಲ್ಲೋ ನಿಂತೇ ಇರುವವರ ಕಾಲಿಗೆ ಈ ಅಪಾಯ ಹೆಚ್ಚು. ಎತ್ತರದ ಸ್ಟೂಲ್ ಒಂದಿದ್ದರೆ ಸಾಕು. ಗಿರಾಕಿ ಬಂದಾಗ ಕೂತಿರುವುದು ಅಗೌರವ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ, ಗಿರಾಕಿಗಳಾದ ನಾವೂ ಅದಕ್ಕೆ ಹೊಣೆ.

ಹಿತ್ತಿಲಿನ ನಲ್ಲಿಯ ಮುಂದೆ ಕುಕ್ಕರುಗಾಲಲ್ಲಿ ಪಾತ್ರೆ ತೊಳೆಯುವ ಕ್ಲೀನರ್‌ನ ಕಷ್ಟ ಬೇರೆ: ಸೋಪಿನ ನೀರಲ್ಲಿ ನೆನೆದು ಬಿರಿಯುವ ಚರ್ಮ, ಎಣ್ಣೆ ಬಿದ್ದ ನೆಲ, ಸವೆದ ಹವಾಯಿ ಚಪ್ಪಲಿ. ಜಾರಿ ಬೀಳುವುದು ಹೋಟೆಲಿನ ಗಾಯಗಳಿಗೆ ಎಲ್ಲೆಡೆಯೂ ದೊಡ್ಡ ಕಾರಣ. ರಬ್ಬರ್ ಕೈಗವಸು, ಹಿಡಿತವಿರುವ ಮುಚ್ಚಿದ ಚಪ್ಪಲಿ, ಚೆಲ್ಲಿದ ಕೂಡಲೇ ಒರೆಸಲು ಕೈಗೆ ಸಿಗುವ ಮಾಪ್. ಇದಕ್ಕಿಂತ ಹೆಚ್ಚು ವಿವರಣೆ ಬೇಕಿಲ್ಲ.

ಒಲೆಯ ಮುಂದಿನ ಬೇಸಿಗೆ

ಏಪ್ರಿಲ್, ಮೇ ತಿಂಗಳಲ್ಲಿ ಕೊಪ್ಪಳ, ರಾಯಚೂರು, ಬಳ್ಳಾರಿಗಳಲ್ಲಿ ತಾಪಮಾನ 40 ಡಿಗ್ರಿ ಮುಟ್ಟುವುದು ಹೊಸದಲ್ಲ. ಹೊರಗಿನ ಗಾಳಿ ಚರ್ಮಕ್ಕಿಂತ ಬಿಸಿಯಾದಾಗ ಮೈ ತಣಿಯಲು ಉಳಿಯುವ ದಾರಿ ಒಂದೇ: ಬೆವರು ಆರಬೇಕು. ಅಡುಗೆಮನೆಯಲ್ಲಿ ಅನ್ನದ ಹಬೆ, ಇಡ್ಲಿಯ ಹಬೆ ತುಂಬಿ ಗಾಳಿ ಒದ್ದೆಯಾಗಿರುತ್ತದೆ. ಒದ್ದೆ ಗಾಳಿಯಲ್ಲಿ ಬೆವರು ಹರಿಯುತ್ತದೆ, ಆರುವುದಿಲ್ಲ. ಹಾಗಾಗಿ ಬಿಸಿಗಾಳಿಯನ್ನೇ ಸುತ್ತಿಸುವ ಫ್ಯಾನ್‌ಗಿಂತ ಹಬೆಯನ್ನು ಹೊರಗೆಳೆಯುವ ಎಕ್ಸಾಸ್ಟ್ ಮುಖ್ಯ. ಎದುರು ಗೋಡೆಯಲ್ಲಿ ಗಾಳಿ ಒಳಬರುವ ಕಿಂಡಿಯೂ ಇರಬೇಕು, ಇಲ್ಲದಿದ್ದರೆ ಎಕ್ಸಾಸ್ಟ್ ತಿರುಗಿದರೂ ಎಳೆಯುವುದಿಲ್ಲ.

ಬಾಯಾರಿಕೆಗೆ ಕಾಯದೆ 15ರಿಂದ 20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಬೇಕೆಂಬುದು ಬಿಸಿಯಲ್ಲಿ ದುಡಿಯುವವರಿಗೆ ತಜ್ಞರು ಹೇಳುವ ಲೆಕ್ಕ. ಉಪ್ಪು ಹಾಕಿದ ಮಜ್ಜಿಗೆ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಹೊಸಬರ ಮೈ ಬಿಸಿಗೆ ಹೊಂದಿಕೊಳ್ಳಲು ಒಂದೆರಡು ವಾರ ಬೇಕು. ಮೊದಲ ದಿನ ಒಲೆಯ ಮುಂದೆ ಐದನೇ ಒಂದು ಪಾಲು ಹೊತ್ತು, ಆಮೇಲೆ ದಿನಕ್ಕೆ ಅಷ್ಟಷ್ಟೇ ಹೆಚ್ಚಿಸುತ್ತ ಹೋಗುವುದು ಸುರಕ್ಷಿತ. ಮೇ ತಿಂಗಳಲ್ಲಿ ಸೇರಿದ ಹುಡುಗನನ್ನು ಅಂದೇ ಭಟ್ಟಿಯ ಮುಂದೆ ನಿಲ್ಲಿಸಿ, ಅವನು ತಲೆಸುತ್ತಿ ಕೂತರೆ ‘ನಾಜೂಕು’ ಎನ್ನುವುದು ಶರೀರಶಾಸ್ತ್ರಕ್ಕೆ ಒಪ್ಪುವ ಮಾತಲ್ಲ.

ಒಂದು ತಲೆ, ಹತ್ತು ಕೂಗು

ಮಧ್ಯಾಹ್ನ ಒಂದೂವರೆ. ನಾಲ್ಕನೇ ಮೇಜಿಗೆ ಇನ್ನೆರಡು ರೊಟ್ಟಿ, ಏಳನೇ ಮೇಜಿಗೆ ಎಣ್ಣೆಗಾಯಿ, ಕಿಟಕಿಯ ಬಳಿಯ ಮಗುವಿಗೆ ಖಾರವಿಲ್ಲದ ಸಾರು, ಬಾಗಿಲಲ್ಲಿ ಪಾರ್ಸಲ್ ಕೇಳುತ್ತಿರುವವರು, ಮಾಲೀಕರ ಮೊಬೈಲಿಗೆ ಬಂದ ಆರ್ಡರ್, ‘ಹಣ ಬಂತಾ ನೋಡಪ್ಪಾ’ ಎಂದು ಫೋನ್ ತೋರಿಸುತ್ತಿರುವ ಗಿರಾಕಿ. ಇವೆಲ್ಲ ಒಬ್ಬನ ಕಿವಿಗೆ ಒಂದೇ ನಿಮಿಷದಲ್ಲಿ ಬೀಳುತ್ತವೆ. ಇದನ್ನೆಲ್ಲ ನಿಭಾಯಿಸುವುದಕ್ಕೆ ಮಲ್ಟಿಟಾಸ್ಕಿಂಗ್ ಎನ್ನುತ್ತಾರೆ, ಕೆಲಸಕ್ಕೆ ತೆಗೆದುಕೊಳ್ಳುವಾಗ ಅದನ್ನೊಂದು ಗುಣವೆಂದೂ ಕೇಳುತ್ತಾರೆ.

ಮಿದುಳು ನಿಜಕ್ಕೂ ಎರಡು ಕೆಲಸ ಒಟ್ಟಿಗೆ ಮಾಡುವುದು ಅದರಲ್ಲೊಂದು ಯೋಚನೆಯಿಲ್ಲದೆ ನಡೆಯುವಂಥದ್ದಾಗಿದ್ದಾಗ ಮಾತ್ರ. ನಡೆಯುತ್ತ ಮಾತಾಡಬಹುದು. ಆದರೆ ಬಿಲ್ ಕೂಡುತ್ತ ಆರ್ಡರ್ ಕೇಳಿಸಿಕೊಳ್ಳಲು ಆಗದು, ಎರಡಕ್ಕೂ ಗಮನ ಬೇಕು. ಆಗ ಮಿದುಳು ಒಂದನ್ನು ಬಿಟ್ಟು ಇನ್ನೊಂದಕ್ಕೆ, ಅದನ್ನು ಬಿಟ್ಟು ಮೊದಲಿನದಕ್ಕೆ ಜಿಗಿಯುತ್ತದೆ. ಪ್ರತಿ ಜಿಗಿತಕ್ಕೂ ಒಂದಿಷ್ಟು ಹೊತ್ತು, ಒಂದಿಷ್ಟು ತಪ್ಪು ದಂಡ ತೆರಬೇಕಾಗುತ್ತದೆ. 2001ರಲ್ಲಿ ಮನಃಶಾಸ್ತ್ರಜ್ಞ ನೆಲ್ಸನ್ ಕೋವನ್ ಹಲವು ಪ್ರಯೋಗಗಳನ್ನು ಪರಿಶೀಲಿಸಿ, ನಾವು ಒಮ್ಮೆಗೆ ಗಮನದಲ್ಲಿ ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳು ಸುಮಾರು ನಾಲ್ಕು ಎಂದು ಹೇಳಿದರು. ಮೇಲಿನ ಪಟ್ಟಿಯಲ್ಲೇ ಆರು ಇವೆ.

ಹೋಟೆಲಿಗೂ ಮನಃಶಾಸ್ತ್ರಕ್ಕೂ ಹಳೆಯ ನಂಟಿದೆ. ಹಣ ಪಾವತಿಯಾಗದ ಆರ್ಡರ್‌ಗಳನ್ನು ಪೂರ್ತಿ ನೆನಪಿಟ್ಟುಕೊಂಡ ಮಾಣಿಗಳು ಹಣ ಬಂದ ಕೂಡಲೇ ಅದನ್ನು ಮರೆಯುತ್ತಿದ್ದರಂತೆ, ಬರ್ಲಿನ್‌ನ ಒಂದು ಉಪಾಹಾರ ಗೃಹದಲ್ಲಿ. ಆ ಗಮನಿಕೆಯ ಜಾಡು ಹಿಡಿದು ಮನಃಶಾಸ್ತ್ರಜ್ಞೆ ಬ್ಲೂಮಾ ಜೈಗಾರ್ನಿಕ್ 1927ರಲ್ಲಿ ಪ್ರಯೋಗಗಳನ್ನು ಪ್ರಕಟಿಸಿದರು: ಅರ್ಧಕ್ಕೆ ನಿಂತ ಕೆಲಸ ತಲೆಯೊಳಗೆ ಹೆಚ್ಚು ಕಾಡುತ್ತದೆ. ಆಮೇಲಿನವರು ಮಾಡಿದಾಗ ಪ್ರತಿಸಲವೂ ಅದೇ ಫಲಿತಾಂಶ ಬರಲಿಲ್ಲ. ಆದರೂ ಶುರುವಾಗಿ ಮುಗಿಯದ ಕೆಲಸ ಗಮನವನ್ನು ಎಳೆಯುತ್ತಿರುತ್ತದೆ ಎಂಬುದನ್ನು ಯಾವ ಸಪ್ಲೈಯರ್ ಕೂಡ ಒಪ್ಪುತ್ತಾನೆ.

ಮರೆವಿಗೆ ಬೈಗುಳ ಮದ್ದಲ್ಲ, ಚೀಟಿ ಮದ್ದು. ಆರ್ಡರ್ ಬರೆದು ತಂತಿಗೆ ಸಿಕ್ಕಿಸಿದರೆ ಅಷ್ಟು ಭಾರ ತಲೆಯಿಂದ ಇಳಿಯುತ್ತದೆ. ಜನ ಹೆಚ್ಚಿರುವ ಒಂದೂವರೆ ಗಂಟೆ ಪಾರ್ಸಲ್ ಮತ್ತು ಫೋನನ್ನು ಒಬ್ಬರಿಗೇ ವಹಿಸಿ, ಬಡಿಸುವವರು ಬಡಿಸುವುದನ್ನಷ್ಟೇ ಮಾಡಿದರೆ ತಪ್ಪು ಕಡಿಮೆಯಾಗುತ್ತದೆ. ತಪ್ಪು ತಿದ್ದುವ ಓಡಾಟವೂ ಉಳಿಯುವುದರಿಂದ ವೇಗ ತಗ್ಗುವುದಿಲ್ಲ.

ಐದು ಕೆಲಸ ಬರುವುದು ಬೇರೆ, ಐದನ್ನೂ ಒಟ್ಟಿಗೆ ಮಾಡುವುದು ಬೇರೆ

ಇಲ್ಲಿ ಗೊಂದಲವಾಗಬಹುದು. ಮೇಲೆ ರೊಟ್ಟಿಯವರು ಜಾಗ ಬದಲಿಸಿಕೊಳ್ಳಲಿ ಎಂದೆವು, ಈಗ ಕೆಲಸದಿಂದ ಕೆಲಸಕ್ಕೆ ಜಿಗಿಯಬಾರದು ಎನ್ನುತ್ತಿದ್ದೇವೆ. ವ್ಯತ್ಯಾಸ ಇರುವುದು ಗಡಿಯಾರದಲ್ಲಿ. ಅರ್ಧ ಗಂಟೆಗೋ ಒಂದು ಗಂಟೆಗೋ ಕೆಲಸ ಬದಲಾದರೆ ದಣಿದ ಸ್ನಾಯುವಿಗೆ ಬಿಡುವು, ಮನಸ್ಸಿಗೆ ಏಕತಾನದಿಂದ ಬಿಡುಗಡೆ. ಅರ್ಧ ನಿಮಿಷಕ್ಕೊಮ್ಮೆ ಬದಲಾದರೆ ಮೈಗೆ ಬಿಡುವಿಲ್ಲ, ಮಿದುಳಿಗೆ ದಂಡ.

ಬದಲಾವಣೆಯೂ ನಿಜವಾದ ಬದಲಾವಣೆಯಾಗಿರಬೇಕು. ಲಾಡ್ಜಿನ ರೂಮ್ ಬಾಯ್ ಬಗ್ಗಿ ಹಾಸಿಗೆಯ ಮೂಲೆಗೆ ಬೆಡ್‌ಶೀಟ್ ತೂರಿಸಿ, ಆಮೇಲೆ ಬಗ್ಗಿ ಬಚ್ಚಲು ಉಜ್ಜಿ, ಮತ್ತೆ ಬಗ್ಗಿ ನೆಲ ಒರೆಸಿದರೆ ಹೆಸರಿಗೆ ಮೂರು ಕೆಲಸ, ಸೊಂಟಕ್ಕೆ ಒಂದೇ. ಉದ್ದ ಹಿಡಿಯ ಬ್ರಷ್ ಕೊಟ್ಟು, ನಡುವೆ ನಿಂತು ಮಾಡುವ ಕೆಲಸವೊಂದನ್ನು ಸೇರಿಸಿದರೆ ಲೆಕ್ಕ ಬದಲಾಗುತ್ತದೆ.

ನಗುವುದೂ ಕೆಲಸವೇ

ಗಿರಾಕಿ ಬೈದರೂ ಮುಖ ಗಂಟಿಕ್ಕಬಾರದು ಎಂಬುದು ಹೋಟೆಲಿನ ಬರೆಯದ ನಿಯಮ. ಒಳಗಿನ ಭಾವನೆಯನ್ನು ಅದುಮಿ ಕೆಲಸಕ್ಕೆ ಬೇಕಾದ ಭಾವವನ್ನು ಮುಖಕ್ಕೆ ತರುವುದನ್ನು ಸಮಾಜಶಾಸ್ತ್ರಜ್ಞರು ಭಾವನಾತ್ಮಕ ಶ್ರಮ ಎನ್ನುತ್ತಾರೆ. ಅಕ್ಕಿಚೀಲ ಹೊರುವಂತೆ ಇದೂ ಶಕ್ತಿ ಖರ್ಚು ಮಾಡಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ‘ಬರ್ನ್‌ಔಟ್’ ಅನ್ನು ತನ್ನ ರೋಗಗಳ ವರ್ಗೀಕರಣದಲ್ಲಿ ವಿವರಿಸಿತು. ಅದು ಅದನ್ನು ಕಾಯಿಲೆ ಎಂದು ಕರೆಯಲಿಲ್ಲ, ನಿಭಾಯಿಸದೆ ಬಿಟ್ಟ ದೀರ್ಘಕಾಲದ ಕೆಲಸದ ಒತ್ತಡದ ಫಲ ಎಂದಿತು. ಅದರ ಲಕ್ಷಣ ಮೂರು: ತ್ರಾಣವೆಲ್ಲ ಹೋದಂಥ ಸುಸ್ತು, ಕೆಲಸದ ಬಗ್ಗೆ ಅಸಡ್ಡೆ ಅಥವಾ ಕಹಿ, ಮಾಡಿದ್ದು ಏನೂ ಸರಿಯಾಗುತ್ತಿಲ್ಲವೆಂಬ ಭಾವ. ಮಾಲೀಕರು ‘ಸೊಕ್ಕು’ ಎನ್ನುವುದರಲ್ಲಿ ಎರಡನೆಯ ಲಕ್ಷಣದ ಪಾಲು ಸಾಕಷ್ಟಿರುತ್ತದೆ. ಕೆಟ್ಟ ಗಿರಾಕಿ ಎದುರಾದಾಗ ಮಾಲೀಕರೇ ಗಲ್ಲಾದಿಂದ ಎದ್ದು ಬಂದು ಮಾತಾಡುವ ಹೋಟೆಲುಗಳಿವೆ. ಹುಡುಗನಿಗೆ ಅದು ಸಂಬಳದಲ್ಲಿ ಕಾಣದ ಆಸರೆ.

ಕಾನೂನು ಏನು ಹೇಳುತ್ತದೆ

ಹೋಟೆಲು, ಲಾಡ್ಜ್, ಖಾನಾವಳಿಗಳಿಗೆ ಅನ್ವಯಿಸುವುದು ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ಅದಕ್ಕಿಂತ ಹೆಚ್ಚು ದುಡಿಸಿದರೆ ಆ ಹೊತ್ತಿಗೆ ಎರಡು ಪಟ್ಟು ಕೂಲಿ. ಐದು ಗಂಟೆ ಕೆಲಸವಾದ ಮೇಲೆ ಒಂದು ಗಂಟೆ ವಿರಾಮ, ವಾರಕ್ಕೊಂದು ರಜೆ. ಜನರಿಗೆ ಅಷ್ಟಾಗಿ ಗೊತ್ತಿಲ್ಲದ ಅಂಶ ಇನ್ನೊಂದಿದೆ: ವಿರಾಮವೂ ಸೇರಿ ಕೆಲಸದ ದಿನ 12 ಗಂಟೆಗಿಂತ ಉದ್ದವಾಗಬಾರದು. ಬೆಳಗ್ಗೆ ಏಳಕ್ಕೆ ಇಡ್ಲಿಗೆ ಕರೆದು, ಮಧ್ಯೆ ಎರಡು ಸಲ ಬಿಡುವು ಕೊಟ್ಟು, ರಾತ್ರಿ ಹತ್ತೂವರೆಗೆ ಷಟರ್ ಎಳೆಸಿದರೆ ದುಡಿದದ್ದು 9 ಗಂಟೆಯೇ ಆದರೂ ದಿನ ಹದಿನೈದೂವರೆ ಗಂಟೆಯದ್ದಾಯಿತು. ನಿದ್ದೆಗೆ ಉಳಿದದ್ದೆಷ್ಟು ಎಂದು ಲೆಕ್ಕ ಹಾಕಬಹುದು.

ಕೂರುವ ಹಕ್ಕಿನ ಮಾತೂ ಕಾನೂನಿನಲ್ಲಿದೆ. 1948ರ ಕಾರ್ಖಾನೆಗಳ ಕಾಯ್ದೆಯ 44ನೇ ಕಲಮು ನಿಂತು ದುಡಿಯುವವರಿಗೆ ಕೂರಲು ವ್ಯವಸ್ಥೆ ಇರಬೇಕೆಂದು ಹೇಳಿತ್ತು. ಅಂಗಡಿ ಮುಂಗಟ್ಟುಗಳ ನೌಕರರಿಗೆ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾಯ್ದೆ ತಿದ್ದಿ ಈ ಹಕ್ಕು ಕೊಟ್ಟವು.

ಹತ್ತು ಅಥವಾ ಹೆಚ್ಚು ಜನರಿರುವ ಹೋಟೆಲುಗಳಲ್ಲಿ ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರಿಗೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ ಇದೆ. ಅದಕ್ಕೆ ಸಂಬಳದ ಲೆಕ್ಕದಲ್ಲಿ ನೌಕರರಿಂದ ಶೇ 0.75, ಮಾಲೀಕರಿಂದ ಶೇ 3.25 ವಂತಿಗೆ. ಚಿಕಿತ್ಸೆಯ ಜೊತೆಗೆ, ಕಾಯಿಲೆ ಬಿದ್ದು ರಜೆ ಹಾಕಿದ ದಿನಗಳಿಗೆ ಸಂಬಳದ ಶೇ 70ರಷ್ಟು ಹಣವೂ ಷರತ್ತಿಗೊಳಪಟ್ಟು ವರ್ಷಕ್ಕೆ 91 ದಿನಗಳವರೆಗೆ ಸಿಗುತ್ತದೆ.

ನಮ್ಮ ಕೊಪ್ಪಳ ಜಿಲ್ಲೆಯ ಹೆಚ್ಚಿನ ಖಾನಾವಳಿಗಳಲ್ಲಿ ಹತ್ತು ಜನರಿರುವುದಿಲ್ಲ. ಆನೆಗೊಂದಿ, ಸಾಣಾಪುರದ ಹೋಂಸ್ಟೇಗಳಲ್ಲಿ ದುಡಿಯುವವರು ಮನೆಯವರೇ. ಮಾಲೀಕರ ಕುಟುಂಬದವರು 1961ರ ಕಾಯ್ದೆಯ ಪ್ರಕಾರ ‘ನೌಕರ’ರಲ್ಲ. ಪ್ರವಾಸಿಗರು ಏಳುವ ಮೊದಲೇ ಎದ್ದು ಚಹಾ ಇಡುವ, ಹಾಸಿಗೆ ಹೊದಿಕೆ ಒಗೆಯುವ, ಬುಕಿಂಗ್ ಫೋನಿಗೆ ಉತ್ತರಿಸುತ್ತಲೇ ರೊಟ್ಟಿ ಬಡಿಯುವ ಆ ಮನೆಯ ಹೆಂಗಸಿಗೆ ಒಂಬತ್ತು ಗಂಟೆಯ ಲೆಕ್ಕವೂ ವಾರದ ರಜೆಯೂ ಇಲ್ಲ. ಅಲ್ಲಿ ಇರುವ ಒಂದೇ ದಾರಿ ಮನೆಯೊಳಗಿನ ಲೆಕ್ಕ: ರೂಮಿನ ಬಾಡಿಗೆ ನಿಗದಿ ಮಾಡುವಾಗ ಹಾಲು, ಗ್ಯಾಸ್, ಕರೆಂಟಿನ ಜೊತೆಗೆ ಬಟ್ಟೆ ಒಗೆಯುವ ಯಂತ್ರದ ಕಂತನ್ನೂ ಹಂಗಾಮಿನ ಐದು ತಿಂಗಳಿಗೆ ಒಬ್ಬ ಸಹಾಯಕಿಯ ಕೂಲಿಯನ್ನೂ ಸೇರಿಸುವುದು.